ಬಾನಿನ ಹವ್ಯಾಸ, ಓದುಗರ ಪ್ರಶ್ನೆ: ಗಾಳಿ ತಿರುಗಿದರೆ ವಿಮಾನವೂ ತಿರುಗುತ್ತದೆ

ಈ ಸಲ ಬಂದ ಪತ್ರಗಳಲ್ಲಿ ಕ್ಯಾಮೆರಾ ಹಿಡಿದವರದ್ದೂ ಇವೆ, ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವವರದ್ದೂ ಇವೆ, ತಾರಸಿಯ ಮೇಲೆ ಆಂಟೆನಾ ಕಟ್ಟಿದವರದ್ದೂ ಇವೆ. ಹಲವು ಪ್ರಶ್ನೆಗಳ ಬೇರು ಒಂದೇ ಕಡೆ ಇದೆ: ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ, ಇಲ್ಲಿನ ಗಾಳಿ ವರ್ಷಕ್ಕೆ ಎರಡು ಸಲ ದಿಕ್ಕು ಬದಲಿಸುತ್ತದೆ.

ಪ್ರಶ್ನೆ: ಜನವರಿಯಲ್ಲಿ ದೇವನಹಳ್ಳಿ ನಿಲ್ದಾಣದ ಪಶ್ಚಿಮಕ್ಕೆ ನಿಂತು ಇಳಿಯುವ ವಿಮಾನಗಳ ಒಳ್ಳೆಯ ಫೋಟೊ ತೆಗೆದಿದ್ದೆ. ಜುಲೈನಲ್ಲಿ ಅದೇ ಜಾಗಕ್ಕೆ ಹೋದರೆ ಇಳಿಯುವ ವಿಮಾನ ಒಂದೂ ಸಿಗಲಿಲ್ಲ, ಎಲ್ಲವೂ ಮೇಲೇರಿ ಹೋಗುತ್ತಿದ್ದವು. ಯಾಕೆ? — ಯಲಹಂಕ ಉಪನಗರದ ಓದುಗರು

ವಿಮಾನ ಎದುರುಗಾಳಿಗೆ ಮುಖ ಮಾಡಿಯೇ ಏರುತ್ತದೆ, ಹಾಗೆಯೇ ಇಳಿಯುತ್ತದೆ. ಕೆಂಪೇಗೌಡ ನಿಲ್ದಾಣದ ಎರಡೂ ರನ್‌ವೇಗಳು ಪೂರ್ವ–ಪಶ್ಚಿಮವಾಗಿ, ಒಂದಕ್ಕೊಂದು ಸಮಾನಾಂತರವಾಗಿವೆ. ಪೂರ್ವಕ್ಕೆ ಮುಖ ಮಾಡಿ ಬಳಸಿದಾಗ ಅವಕ್ಕೆ 09, ಪಶ್ಚಿಮಕ್ಕೆ ಮುಖ ಮಾಡಿದಾಗ 27 ಎಂಬ ಸಂಖ್ಯೆ. ಅಂದರೆ ದಿಕ್ಸೂಚಿಯ 90 ಮತ್ತು 270 ಡಿಗ್ರಿ, ಕೊನೆಯ ಸೊನ್ನೆ ಬಿಟ್ಟು. ನವೆಂಬರ್‌ನಿಂದ ಫೆಬ್ರವರಿವರೆಗೆ ಮೂಡಣ ಗಾಳಿ ಹೆಚ್ಚು, ಹಾಗಾಗಿ ವಿಮಾನಗಳು ಪಶ್ಚಿಮದಿಂದ ಬಂದು 09ರಲ್ಲಿ ಇಳಿಯುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಪಡುವಣ ಗಾಳಿ. ಆಗ ಅವು ಪೂರ್ವದಿಂದ, ಹೊಸಕೋಟೆ ಮತ್ತು ವಿಜಯಪುರದ ನಡುವಿನ ಬಯಲಿನ ಮೇಲಿಂದ ಬರುತ್ತವೆ. ಏಪ್ರಿಲ್–ಮೇ ಮತ್ತು ಅಕ್ಟೋಬರ್‌ನಲ್ಲಿ ಎರಡೂ ಸಾಧ್ಯ. ಸಂಜೆ ಗುಡುಗು ಮಳೆಗೆ ಮುಂಚೆ ಗಾಳಿ ಬೀಸಿದರೆ ಅರ್ಧ ಗಂಟೆಯಲ್ಲೇ ದಿಕ್ಕು ಬದಲಾಗಬಹುದು.

ಮನೆ ಬಿಡುವ ಮೊದಲು ನಿಲ್ದಾಣದ ಹವಾಮಾನ ವರದಿ, ಅಂದರೆ ಮೆಟಾರ್, ನೋಡಿ. ನಮ್ಮ ನಿಲ್ದಾಣದ ಸಂಕೇತ ವಿಒಬಿಎಲ್. ಅದರಲ್ಲಿ 09008 ಎಂದಿದ್ದರೆ 90 ಡಿಗ್ರಿಯಿಂದ, ಅಂದರೆ ಪೂರ್ವದಿಂದ, 8 ನಾಟ್ (ಗಂಟೆಗೆ ಸುಮಾರು 15 ಕಿ.ಮೀ.) ಗಾಳಿ ಎಂದರ್ಥ. ಗಾಳಿ ಎಲ್ಲಿಂದ ಬರುತ್ತಿದೆ ಎಂಬುದನ್ನು ಅದು ಹೇಳುತ್ತದೆ, ಎಲ್ಲಿಗೆ ಹೋಗುತ್ತಿದೆ ಎಂಬುದನ್ನಲ್ಲ. ಹೊಸಬರು ಎಡವುವುದು ಇಲ್ಲೇ.

ಬಿಸಿಲಿನ ಲೆಕ್ಕವನ್ನೂ ಹಾಕಿಕೊಳ್ಳಿ. ಚಳಿಗಾಲದಲ್ಲಿ ಸೂರ್ಯ ಇಡೀ ದಿನ ದಕ್ಷಿಣಕ್ಕಿರುತ್ತಾನೆ, ಆದ್ದರಿಂದ ವಿಮಾನದ ಹಾದಿಯ ದಕ್ಷಿಣಕ್ಕೆ ನಿಲ್ಲಬೇಕು. ಆದರೆ ನಮ್ಮೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋಗಿರುತ್ತಾನೆ. ಜೂನ್‌ನಲ್ಲಿ ದಕ್ಷಿಣಕ್ಕೆ ನಿಂತರೆ ನಿಮಗೆ ಕಾಣುವ ಮಗ್ಗುಲು ನೆರಳಲ್ಲಿರುತ್ತದೆ. ಯೂರೋಪಿನವರು ಬರೆದ ಮಾರ್ಗದರ್ಶಿಗಳಲ್ಲಿ 'ಸದಾ ದಕ್ಷಿಣಕ್ಕೆ ನಿಲ್ಲಿ' ಎಂದಿರುತ್ತದೆ. ಆ ಮಾತು ಇಲ್ಲಿಗೆ ಹೊಂದುವುದಿಲ್ಲ.

ಇನ್ನೊಂದು ಅನುಕೂಲವಿದೆ. ಚಳಿಗಾಲದ ಬೆಳಿಗ್ಗೆ ವಿಮಾನಗಳು ಪೂರ್ವಕ್ಕೆ ಮುಖ ಮಾಡಿ ಇಳಿಯುವುದರಿಂದ ಮೂತಿಗೆ ನೇರ ಎಳೆಬಿಸಿಲು ಬೀಳುತ್ತದೆ. ಮಳೆಗಾಲದಲ್ಲಿ ಪಶ್ಚಿಮಕ್ಕೆ ಮುಖ ಮಾಡುವುದರಿಂದ ಅದೇ ಬೆಳಕು ಸಂಜೆ ಸಿಗುತ್ತದೆ, ಮೋಡ ಬಿಟ್ಟುಕೊಟ್ಟರೆ. ಡಿಸೆಂಬರ್–ಜನವರಿಯಲ್ಲಿ ಮುಂಜಾನೆಯ ಮಂಜು ಕರಗುವುದನ್ನು ಕಾಯಬೇಕು. ಹತ್ತು ಗಂಟೆಯ ಮೇಲೆ ನೆಲದ ಕಾವಿನಿಂದ ಗಾಳಿ ಕುದಿಯತೊಡಗುತ್ತದೆ. ಆಗ 400 ಮಿ.ಮೀ. ಲೆನ್ಸ್‌ನಲ್ಲಿ ದೂರದ ವಿಮಾನ ನೀರೊಳಗೆ ನೋಡಿದಂತೆ ಕಲಕಿರುತ್ತದೆ. ಅದು ಲೆನ್ಸ್‌ನ ದೋಷವಲ್ಲ, ಯಾವ ಸೆಟ್ಟಿಂಗಿನಿಂದಲೂ ಸರಿಹೋಗುವುದಿಲ್ಲ. ಹತ್ತಿರ ಬರುವ ವಿಮಾನಗಳನ್ನು ಮಾತ್ರ ತೆಗೆಯಿರಿ.

ಬಳ್ಳಾರಿ ರಸ್ತೆಯ ಅಂಚಿನಲ್ಲಿ ಗಾಡಿ ನಿಲ್ಲಿಸಿ ಫೋಟೊ ತೆಗೆಯಬೇಡಿ. ಅಲ್ಲಿ ವಾಹನಗಳ ವೇಗ ವಿಪರೀತ.

ಪ್ರಶ್ನೆ: ಎಟಿಆರ್ ವಿಮಾನದ ಫೋಟೊದಲ್ಲಿ ಪ್ರೊಪೆಲ್ಲರ್ ನಿಂತುಬಿಟ್ಟಂತೆ ಕಾಣುತ್ತದೆ. ಶಟರ್ ವೇಗ 1/1000 ಸೆಕೆಂಡ್ ಇಟ್ಟಿದ್ದೆ. — ಮಲ್ಲೇಶ್ವರದ ಓದುಗರು

ಎಟಿಆರ್-72ರ ಪ್ರೊಪೆಲ್ಲರ್‌ಗೆ ಆರು ಅಲಗುಗಳು, ಪೂರ್ಣ ವೇಗದಲ್ಲಿ ನಿಮಿಷಕ್ಕೆ 1200 ಸುತ್ತು. ಅಂದರೆ ಸೆಕೆಂಡಿಗೆ 20. 1/1000 ಸೆಕೆಂಡಿನಲ್ಲಿ ಅದು ತಿರುಗುವುದು ಬರೀ 7 ಡಿಗ್ರಿ, ಆದ್ದರಿಂದ ನಿಂತಂತೆ ಕಾಣುತ್ತದೆ. 1/125ರಲ್ಲಿ ಸುಮಾರು 58 ಡಿಗ್ರಿ ತಿರುಗುತ್ತದೆ. ಎರಡು ಅಲಗುಗಳ ನಡುವಿನ ಅಂತರ 60 ಡಿಗ್ರಿ ಇರುವುದರಿಂದ ಚಕ್ರ ಹೆಚ್ಚುಕಡಿಮೆ ತುಂಬಿ ಬರುತ್ತದೆ.

1/125ರಲ್ಲಿ ಕೈ ಅಲುಗಿದರೆ ವಿಮಾನವೇ ಮಸುಕಾಗುತ್ತದೆ. 1/320ರಿಂದ ಶುರುಮಾಡಿ, ಅಭ್ಯಾಸವಾದಂತೆ 1/250, 1/160 ಎಂದು ಇಳಿಯಿರಿ. ಕಾಲು ಅಗಲಿಸಿ ನಿಂತು, ಮೊಣಕೈ ಪಕ್ಕೆಗೆ ಒತ್ತಿ, ಸೊಂಟದಿಂದ ಮೇಲೆ ಒಂದೇ ವೇಗದಲ್ಲಿ ತಿರುಗಿ. ಬಟನ್ ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬೇಡಿ. ಹತ್ತರಲ್ಲಿ ಒಂದು ಚಿತ್ರ ಚೂಪಾಗಿ ಬಂದರೂ ಶುರುವಿಗೆ ಅದು ಒಳ್ಳೆಯ ಫಲಿತಾಂಶ. ಜೆಟ್‌ಗಳಿಗೆ ಮಾತ್ರ 1/1000 ಸರಿ.

ಪ್ರಶ್ನೆ: ಯಲಹಂಕ ವಾಯುನೆಲೆಯ ಗೋಡೆಯ ಪಕ್ಕ ನಿಂತು ಫೋಟೊ ತೆಗೆಯಬಹುದೇ? — ಸಹಕಾರನಗರದ ಓದುಗರು

ಬೇಡ. ಅದು ರಕ್ಷಣಾ ನೆಲೆ, ಕಾನೂನಿನ ತೊಡಕಿಗೆ ಸಿಲುಕುತ್ತೀರಿ. ಡ್ರೋನ್ ವಿಚಾರವಂತೂ ಯೋಚಿಸಲೇಬೇಡಿ. 1996ರಿಂದ ಎರಡು ವರ್ಷಕ್ಕೊಮ್ಮೆ ಅಲ್ಲಿ ನಡೆಯುವ ಏರೋ ಇಂಡಿಯಾಗೆ ಟಿಕೆಟ್ ತೆಗೆದುಕೊಂಡು ಒಳಗೇ ಹೋಗಿ. ಯುದ್ಧವಿಮಾನಗಳನ್ನು ನಿಲ್ಲಿಸಿದ ಸ್ಥಿತಿಯಲ್ಲಿ ಹತ್ತಿರದಿಂದ ನೋಡಲು ಹಳೇ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ವಸ್ತುಸಂಗ್ರಹಾಲಯವಿದೆ. ಮಾದರಿ ಕಟ್ಟುವವರಿಗೆ ಬೇಕಾದ ವಿವರಗಳು ಅಲ್ಲಿ ಧಾರಾಳ.

ಪ್ರಶ್ನೆ: ವಿಮಾನ ಹಾರಿಸುವ ಕಂಪ್ಯೂಟರ್ ಆಟ ಎಕ್ಸ್-ಪ್ಲೇನ್ 12ರಲ್ಲಿ ಬೆಂಗಳೂರಿಗೆ ಇಳಿಯಲು ಆಗುತ್ತಿಲ್ಲ. ರನ್‌ವೇ 10 ಮೈಲಿ ದೂರವಿದ್ದಾಗ 3000 ಅಡಿ ಎತ್ತರದಲ್ಲಿರಬೇಕು ಎಂದು ಓದಿದ್ದೆ. ಹಾಗೇ ಬಂದರೆ ನೆಲಕ್ಕೆ ಬಡಿಯುತ್ತೇನೆ. ಸೆಸ್ನಾ 172 ಏರುವಾಗಲೂ ಸುಸ್ತಾದಂತೆ ಎಳೆಯುತ್ತದೆ. ಆಟದಲ್ಲೇ ದೋಷವೇ? — ಬಸವನಗುಡಿಯ ಓದುಗರು

ಆಟ ಸರಿಯಾಗಿಯೇ ಇದೆ. ನೀವು ಓದಿದ ಸೂತ್ರ ನೆಲದಿಂದ ಎತ್ತರವನ್ನು ಹೇಳುತ್ತದೆ, ಆಲ್ಟಿಮೀಟರ್ ತೋರಿಸುವುದು ಸಮುದ್ರಮಟ್ಟದಿಂದ ಎತ್ತರವನ್ನು. ನಿಲ್ದಾಣವೇ 3000 ಅಡಿಯಲ್ಲಿದೆ. ಹಾಗಾಗಿ 10 ನಾಟಿಕಲ್ ಮೈಲಿಯಲ್ಲಿ ಮುಳ್ಳು 6000 ತೋರಿಸಬೇಕು, 5 ಮೈಲಿಯಲ್ಲಿ 4500, 2 ಮೈಲಿಯಲ್ಲಿ 3600. ಮೂರು ಡಿಗ್ರಿ ಇಳಿಜಾರಿಗೆ ಮೈಲಿಗೆ 300 ಅಡಿ ಎಂಬುದು ಲೆಕ್ಕ. ಇಳಿಯುವ ದರಕ್ಕೆ ನೆಲದ ಮೇಲಿನ ವೇಗವನ್ನು ಐದರಿಂದ ಗುಣಿಸಿ: 140 ನಾಟ್ ಇದ್ದರೆ ನಿಮಿಷಕ್ಕೆ 700 ಅಡಿ.

ಜೆಟ್‌ನಲ್ಲಿ 35,000 ಅಡಿಯಿಂದ ಬರುವಾಗ ಕಳೆಯಬೇಕಾದ ಎತ್ತರ 32,000 ಅಡಿ ಮಾತ್ರ. ಸಾವಿರಕ್ಕೆ 3 ಮೈಲಿಯಂತೆ 96, ವೇಗ ತಗ್ಗಿಸಲು ಇನ್ನೊಂದು 10. ಸುಮಾರು 105 ಮೈಲಿ ಇರುವಾಗ ಇಳಿಯಲು ಶುರುಮಾಡಿ. ಇಷ್ಟರ ಮೇಲೂ ಎತ್ತರ ತಪ್ಪಾಗಿ ಕಂಡರೆ ಆಲ್ಟಿಮೀಟರ್‌ನ ಒತ್ತಡ ನೋಡಿ. ಪ್ರಮಾಣಿತ 1013ರಲ್ಲೇ ಬಿಟ್ಟಿರುತ್ತೀರಿ. ಒಂದು ಹೆಕ್ಟೊಪಾಸ್ಕಲ್‌ಗೆ ಹೆಚ್ಚುಕಡಿಮೆ 30 ಅಡಿ ತಪ್ಪುತ್ತದೆ.

ಇನ್ನು ಸೆಸ್ನಾದ ಸುಸ್ತು. 3000 ಅಡಿಯಲ್ಲಿ ಪ್ರಮಾಣಿತ ಉಷ್ಣಾಂಶ 9 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 33 ಇದ್ದರೆ 24 ಡಿಗ್ರಿ ಹೆಚ್ಚು. ಪ್ರತಿ ಡಿಗ್ರಿಗೆ 120 ಅಡಿ ಸೇರಿಸಿದರೆ ಎಂಜಿನ್‌ಗೂ ರೆಕ್ಕೆಗೂ ಗಾಳಿ ಸುಮಾರು 5900 ಅಡಿಯಲ್ಲಿರುವಷ್ಟು ತೆಳು. ಆಗ ಮಿಕ್ಸ್‌ಚರ್ (ಗಾಳಿಗೆ ಬೆರೆಯುವ ಪೆಟ್ರೋಲಿನ ಪ್ರಮಾಣ ಹೊಂದಿಸುವ ಕೆಂಪು ಗುಬುಟು) ಪೂರ್ತಿ ಒಳಕ್ಕೆ ತಳ್ಳಿದ್ದರೆ ಪೆಟ್ರೋಲು ಹೆಚ್ಚಾಗಿ ಶಕ್ತಿ ಕುಗ್ಗುತ್ತದೆ. ಬ್ರೇಕ್ ಹಿಡಿದು, ಥ್ರಾಟಲ್ ಪೂರ್ತಿ ಕೊಟ್ಟು, ಆ ಕೆಂಪು ಗುಬುಟನ್ನು ನಿಧಾನವಾಗಿ ಹೊರಕ್ಕೆ ಎಳೆಯಿರಿ. ಆರ್‌ಪಿಎಂ ಏರಿ ಏರಿ ಮತ್ತೆ ಇಳಿಯತೊಡಗಿದಾಗ ಸ್ವಲ್ಪ ಒಳಕ್ಕೆ ತಳ್ಳಿ ಬಿಡಿ.

ಇಳಿಯುವಾಗ ವೇಗಮಾಪಕದಲ್ಲಿ 65 ನಾಟ್ ಇದ್ದರೂ ಆ ಗಾಳಿಯಲ್ಲಿ ನಿಜವಾದ ವೇಗ 71. ಚಲನಶಕ್ತಿ ಶೇ. 19ರಷ್ಟು ಜಾಸ್ತಿ. ರನ್‌ವೇ ಓಡಿಹೋಗುತ್ತಿರುವಂತೆ ಕಂಡು 'ವೇಗ ಹೆಚ್ಚಾಯಿತು' ಎಂದು ಮೂತಿ ಎತ್ತಬೇಡಿ, ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆ ವಿಮಾನವನ್ನು ಎತ್ತಿಹಿಡಿಯಲಾರದೆ ಹೋಗುತ್ತದೆ. ಮಾಪಕವನ್ನು ನಂಬಿ. ಜಕ್ಕೂರಿನ ಚಿಕ್ಕ ವಿಮಾನ ನಿಲ್ದಾಣದಿಂದ ಹಾರಿಸಿದರೂ ಇದೇ ಲೆಕ್ಕ.

ಜಾಯ್‌ಸ್ಟಿಕ್ ಮುಟ್ಟದಿದ್ದರೂ ವಿಮಾನ ಒಂದು ಕಡೆ ವಾಲುತ್ತಿದ್ದರೆ ಮೊದಲು ಕ್ಯಾಲಿಬ್ರೇಟ್ ಮಾಡಿ, ಆಮೇಲೆ ಶೇ. 3ರಿಂದ 5 ಡೆಡ್ ಝೋನ್ (ಕೋಲು ಅಲುಗಿದರೂ ಆಟ ಸ್ಪಂದಿಸದ ನಡುಜಾಗ) ಕೊಡಿ. ಜಾಯ್‌ಸ್ಟಿಕ್‌ನ ಅಳತೆ ಜಿಗಿಯುತ್ತಿದ್ದರೆ ಒಳಗಿನ ಪೊಟೆನ್ಷಿಯೊಮೀಟರ್‌ನಲ್ಲಿ ಧೂಳು ಕೂತಿದೆ ಎಂದರ್ಥ, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಾಕು.

ಪ್ರಶ್ನೆ: ತಾರಸಿಯ ಮೇಲೆ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿ ರೇಡಿಯೊ ಗ್ರಾಹಕ), ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇಟ್ಟು, ವಿಮಾನಗಳು ತಮ್ಮ ಜಾಗ, ಎತ್ತರ ತಿಳಿಸಲು ಕಳಿಸುವ ಎಡಿಎಸ್-ಬಿ ಸಂಕೇತ ಹಿಡಿಯುತ್ತಿದ್ದೇನೆ. 40 ಕಿ.ಮೀ. ಆಚೆ ಏನೂ ಬರುವುದಿಲ್ಲ. ಆಂಟೆನಾದಿಂದ ಕೆಳಗಿನ ಕೋಣೆಗೆ 12 ಮೀಟರ್ ತೆಳು ಕೇಬಲ್ ಎಳೆದಿದ್ದೇನೆ. — ವಿಜಯನಗರದ ಓದುಗರು

ತಪ್ಪು ಆ ಕೇಬಲ್‌ನಲ್ಲೇ ಇರುವ ಸಂಭವ ಹೆಚ್ಚು. 1090 ಮೆಗಾಹರ್ಟ್ಸ್‌ನಲ್ಲಿ ಆರ್‌ಜಿ-58 ಕೇಬಲ್ ಮೀಟರಿಗೆ ಅರ್ಧ ಡೆಸಿಬೆಲ್‌ಗೂ ಹೆಚ್ಚು ನುಂಗುತ್ತದೆ. 12 ಮೀಟರಿಗೆ 6 ಡೆಸಿಬೆಲ್ ಎಂದರೆ ಮುಕ್ಕಾಲು ಪಾಲು ಶಕ್ತಿ ದಾರಿಯಲ್ಲೇ ಹೋಯಿತು. ಡಿಶ್ ಟಿವಿಗೆ ಹಾಕುವ ಆರ್‌ಜಿ-6 ಅದರ ಅರ್ಧಕ್ಕಿಂತ ಕಡಿಮೆ ನುಂಗುತ್ತದೆ. ಅದು 75 ಓಮ್, ಡಾಂಗಲ್ 50 ಓಮ್ ಎಂಬ ಚಿಂತೆ ಬೇಡ, ಆ ವ್ಯತ್ಯಾಸದ ನಷ್ಟ ಕಾಲು ಡೆಸಿಬೆಲ್ ಕೂಡ ಇಲ್ಲ. ಇನ್ನೂ ಒಳ್ಳೆಯದೆಂದರೆ ಪೈಯನ್ನೇ ತಾರಸಿಯ ನೆರಳಿಗೆ ಒಯ್ದು ಒಂದು ಮೀಟರ್ ಕೇಬಲ್‌ನಲ್ಲಿ ಮುಗಿಸುವುದು.

ಆಂಟೆನಾ ಕೊಳ್ಳಬೇಕಿಲ್ಲ. ಮನೆ ವೈರಿಂಗ್‌ನ 1.5 ಚದರ ಮಿ.ಮೀ. ಒಂಟಿ ತಾಮ್ರದ ತಂತಿಯಲ್ಲಿ 6.9 ಸೆಂ.ಮೀ.ನ ಐದು ತುಂಡು ಕತ್ತರಿಸಿ. ಒಂದನ್ನು ಕನೆಕ್ಟರ್‌ನ ನಡುಪಿನ್ನಿಗೆ ನೆಟ್ಟಗೆ ಬೆಸುಗೆ ಹಾಕಿ. ಉಳಿದ ನಾಲ್ಕನ್ನು ಹೊರಮೈಗೆ ಹಾಕಿ 45 ಡಿಗ್ರಿ ಕೆಳಕ್ಕೆ ಬಗ್ಗಿಸಿ. ನೀರಿನ ಟ್ಯಾಂಕಿಗಿಂತ ಮೇಲಿರಲಿ, ನೀರು ತುಂಬಿದ ಸಿಂಟೆಕ್ಸ್ ಆ ದಿಕ್ಕನ್ನೇ ಮುಚ್ಚುತ್ತದೆ.

ಇಷ್ಟಾದರೂ ದೂರ ಹೆಚ್ಚದಿದ್ದರೆ ಪಕ್ಕದ ಕಟ್ಟಡದ ಮೇಲೆ ಮೊಬೈಲ್ ಟವರ್ ಇದೆಯೇ ನೋಡಿ. 900 ಮೆಗಾಹರ್ಟ್ಸ್ ಪಟ್ಟಿಯ ಬಲವಾದ ಸಂಕೇತ ಡಾಂಗಲನ್ನು ಕಿವುಡಾಗಿಸುತ್ತದೆ. 1090ರ ಫಿಲ್ಟರ್ ಹಾಕಿ, ಗೇನ್ (ಡಾಂಗಲ್ ಸಂಕೇತವನ್ನು ಹಿಗ್ಗಿಸುವ ಮಟ್ಟ) ಇಳಿಸಿ. ಗೇನ್ ಗರಿಷ್ಠಕ್ಕಿಟ್ಟರೆ ಹೆಚ್ಚು ಕೇಳಿಸುತ್ತದೆ ಎಂಬುದು ತಪ್ಪು. ಬಂದ ಸಂದೇಶಗಳಲ್ಲಿ −3 ಡೆಸಿಬೆಲ್‌ಗಿಂತ ಬಲವಾದವು ನೂರಕ್ಕೆ ಐದಕ್ಕಿಂತ ಹೆಚ್ಚಿದ್ದರೆ ಒಂದು ಮೆಟ್ಟಿಲು ಕೆಳಗಿಳಿಸಿ.

35,000 ಅಡಿಯ ವಿಮಾನಕ್ಕೆ ರೇಡಿಯೊ ದಿಗಂತ ಸುಮಾರು 425 ಕಿ.ಮೀ. ಅಡ್ಡಿಯಿಲ್ಲದ ತಾರಸಿಯಲ್ಲಿ ಚೆನ್ನೈ ಆಚೆ ಕಡಲಿನ ಮೇಲಿರುವ ವಿಮಾನವೂ ನಿಮ್ಮ ನಕ್ಷೆಗೆ ಬರಬೇಕು. ಇಳಿಯುತ್ತಿರುವ ವಿಮಾನ ನೆಲ ಮುಟ್ಟುವ ಹೊತ್ತಿಗೂ ನಕ್ಷೆ 3000 ಅಡಿಯ ಹತ್ತಿರ ತೋರಿಸಿದರೆ ಗಾಬರಿಬೇಡ, ಮೇಲಿನ ಉತ್ತರದಲ್ಲಿರುವುದೇ ಕಾರಣ.

ಕರೆಂಟು ಪದೇಪದೇ ಹೋಗುವ ಕಡೆ ಪೈಯ ಎಸ್‌ಡಿ ಕಾರ್ಡ್ ಕೆಡುತ್ತದೆ. ಬರೆಯುತ್ತಿರುವಾಗ ವಿದ್ಯುತ್ ನಿಂತರೆ ಕಡತ ಹಾಳು. ಲಾಗ್‌ಗಳನ್ನು ರ‍್ಯಾಮ್‌ಗೆ ತಿರುಗಿಸಿ. ಏಪ್ರಿಲ್–ಮೇ ಸಂಜೆ ಗುಡುಗು ಕೇಳಿಸಿದ ಕೂಡಲೇ ಆಂಟೆನಾ ಕೇಬಲ್ ಬಿಚ್ಚಿಡಿ.

ಪ್ರಶ್ನೆ: ಅಮೆರಿಕದ ನೋವಾ ಉಪಗ್ರಹದ ಹವಾಮಾನ ಚಿತ್ರ ಹಿಡಿಯಲು ತಿಂಗಳಿಂದ ಪ್ರಯತ್ನಿಸುತ್ತಿದ್ದೇನೆ. ಬರೀ ಸದ್ದು. — ಕೆಂಗೇರಿಯ ಓದುಗರು

ನಿಮ್ಮ ಶ್ರಮದಲ್ಲಿ ಕೊರತೆಯಿಲ್ಲ. ಆ ಸಂಕೇತ ಕಳಿಸುತ್ತಿದ್ದ ನೋವಾ-15, 18, 19 ಮೂರನ್ನೂ 2025ರಲ್ಲಿ ನಿವೃತ್ತಿಗೊಳಿಸಿದರು. ಹಳೆಯ ಪಾಠಗಳಲ್ಲಿ ಇದು ಇರುವುದಿಲ್ಲ. ಆಂಟೆನಾ ಎಸೆಯಬೇಡಿ, ರಷ್ಯಾದ ಮೀಟಿಯೋರ್-ಎಂ2-3 ಮತ್ತು ಎಂ2-4 ಅದೇ 137 ಮೆಗಾಹರ್ಟ್ಸ್ ಪಟ್ಟಿಯಲ್ಲಿವೆ: 137.9 ಅಥವಾ 137.1.

ತಲಾ 53.4 ಸೆಂ.ಮೀ.ನ ಎರಡು ಅಲ್ಯೂಮಿನಿಯಂ ಕಡ್ಡಿಗಳನ್ನು 120 ಡಿಗ್ರಿ ಕೋನದಲ್ಲಿ ನೆಲಕ್ಕೆ ಸಮಾನಾಂತರವಾಗಿ ಕಟ್ಟಿ, ವಿ ಆಕಾರದ ಬಾಯಿ ಉತ್ತರಕ್ಕೋ ದಕ್ಷಿಣಕ್ಕೋ ಇರಲಿ. ಕೇಬಲ್‌ನ ನಡುತಂತಿ ಒಂದು ಕಡ್ಡಿಗೆ, ಹೆಣಿಗೆ ಇನ್ನೊಂದಕ್ಕೆ. ಇದು ಡಿಜಿಟಲ್ ಸಂಕೇತ, ಹಳೆಯದರಂತೆ ಕಿವಿಗೆ 'ಟಿಕ್ ಟಿಕ್' ಕೇಳಿಸುವುದಿಲ್ಲ. ಸ್ಯಾಟ್‌ಡಂಪ್ ತಂತ್ರಾಂಶದಲ್ಲಿ ಮೀಟಿಯೋರ್ ಎಲ್‌ಆರ್‌ಪಿಟಿ ಆರಿಸಿ. ಅದರ ಪರದೆಯಲ್ಲಿ ಚುಕ್ಕಿಗಳ ಗುಂಪು ನಾಲ್ಕಾಗಿ ಒಡೆದರೆ ಚಿತ್ರ ಬರುತ್ತಿದೆ ಎಂದರ್ಥ. ಉಪಗ್ರಹ 30 ಡಿಗ್ರಿಗಿಂತ ಮೇಲೇರುವ ಹಾದುಹೋಗುವಿಕೆಗಳನ್ನೇ ಆರಿಸಿಕೊಳ್ಳಿ. ಹತ್ತಿರ ಎಫ್‌ಎಂ ಪ್ರಸಾರ ಗೋಪುರವಿದ್ದರೆ 88–108 ತಡೆಯುವ ಫಿಲ್ಟರ್ ಬೇಕೇ ಬೇಕು. ಅಗ್ಗದ ಎಲ್‌ಇಡಿ ದೀಪಗಳೂ ಸದ್ದು ಮಾಡುತ್ತವೆ, ಆರಿಸಿ ನೋಡಿ.

ಪ್ರಶ್ನೆ: ಬಾಹ್ಯಾಕಾಶ ನಿಲ್ದಾಣ ಹೊಳೆಯುತ್ತ ಬಂದು ನಡುಬಾನಿನಲ್ಲೇ ಮಾಯವಾಯಿತು. ಮೋಡವಿರಲಿಲ್ಲ. — ಹನುಮಂತನಗರದ ಓದುಗರು

ಅದು ಭೂಮಿಯ ನೆರಳಿಗೆ ಹೋಯಿತು. ಅದಕ್ಕೆ ಸ್ವಂತ ಬೆಳಕಿಲ್ಲ, ಬಿಸಿಲು ತಾಗುವವರೆಗೆ ಮಾತ್ರ ಕಾಣುತ್ತದೆ. ಸಂಜೆ ತಡವಾದಷ್ಟೂ ಬೇಗ ಮರೆಯಾಗುತ್ತದೆ. ಬೆಳಗಿನ ಜಾವ ಇದಕ್ಕೆ ತಿರುಗುಮುರುಗು, ನಡುಬಾನಿನಲ್ಲಿ ಥಟ್ಟನೆ ಹುಟ್ಟುತ್ತದೆ. ಮಿನುಗಿದರೆ ವಿಮಾನ, ಮಿನುಗದೆ ಒಂದೇ ಸಮ ಸಾಗಿದರೆ ನಿಲ್ದಾಣ.

ಪ್ರಶ್ನೆ: ತೇಜಸ್ ಮಾದರಿ 1:72 ಕೊಳ್ಳಲೇ, 1:48 ಕೊಳ್ಳಲೇ? — ಜಯನಗರದ ಓದುಗರು

ತೇಜಸ್ ಉದ್ದ 13.2 ಮೀಟರ್. 1:72ರಲ್ಲಿ 18 ಸೆಂ.ಮೀ., 1:48ರಲ್ಲಿ 27.5. ಮೊದಲ ಕಿಟ್ ಆದರೆ ಚಿಕ್ಕದೇ ಸಾಕು. ಮಳೆ ಹಿಡಿದ ದಿನ ಲ್ಯಾಕರ್ ಬಣ್ಣ ಸ್ಪ್ರೇ ಮಾಡಬೇಡಿ, ತೇವ ಸೇರಿ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ.