ಟಿಕ್ಯಾಸ್ (ವಿಮಾನಗಳು ಡಿಕ್ಕಿಯಾಗದಂತೆ ಪೈಲಟ್‌ಗೆ ಏರು, ಇಳಿ ಎಂದು ಸೂಚಿಸುವ ವಿಮಾನದೊಳಗಿನ ಸಾಧನ) ಇದ್ದರೂ 2002ರಲ್ಲಿ ಜರ್ಮನಿಯ ಊಬರ್ಲಿಂಗನ್ ಊರಿನ ಮೇಲೆ ಎರಡು ವಿಮಾನಗಳು ಡಿಕ್ಕಿ ಹೊಡೆದದ್ದು ಹೇಗೆ?

ಟಿಕ್ಯಾಸ್ ಸರಿಯಾಗಿಯೇ ಕೆಲಸ ಮಾಡಿತ್ತು. ಅದರ ಮಾತನ್ನು ಒಂದು ವಿಮಾನ ಕೇಳಿತು, ಇನ್ನೊಂದು ನೆಲದಿಂದ ವಿಮಾನ ಸಂಚಾರ ನಿಯಂತ್ರಿಸುವ ಕಂಟ್ರೋಲರ್ ಮಾತು ಕೇಳಿತು.

ಜುಲೈ 1ರ ರಾತ್ರಿ ರಷ್ಯಾದ ಟುಪೊಲೆವ್ 154 ಮತ್ತು ಡಿಎಚ್‌ಎಲ್‌ನ ಸರಕು ಬೋಯಿಂಗ್ 757, ಎರಡೂ 36,000 ಅಡಿಯಲ್ಲಿದ್ದವು. ದಕ್ಷಿಣ ಜರ್ಮನಿಯ ಆ ಆಕಾಶವನ್ನು ನೋಡಿಕೊಳ್ಳುತ್ತಿದ್ದದ್ದು ಸ್ವಿಟ್ಜರ್ಲೆಂಡ್‌ನ ವಿಮಾನ ಸಂಚಾರ ನಿಯಂತ್ರಣ ಸಂಸ್ಥೆ ಸ್ಕೈಗೈಡ್‌ನ ಜ್ಯೂರಿಕ್ ಕೇಂದ್ರ. ಅಲ್ಲಿ ಒಬ್ಬನೇ ಕಂಟ್ರೋಲರ್ ಎರಡು ಪರದೆ ನೋಡುತ್ತಿದ್ದ, ಜೊತೆಗಾರ ವಿಶ್ರಾಂತಿಗೆ ಹೋಗಿದ್ದ. ದುರಸ್ತಿಗಾಗಿ ರೇಡಾರ್ ಅರೆಬರೆ ಸ್ಥಿತಿಯಲ್ಲಿತ್ತು, ಪರದೆಯ ಮೇಲಿನ ಡಿಕ್ಕಿ ಎಚ್ಚರಿಕೆ ಬಂದ್ ಆಗಿತ್ತು, ಮುಖ್ಯ ಫೋನ್ ಲೈನೂ ಇರಲಿಲ್ಲ. ಅಪಾಯ ಕಂಡ ಜರ್ಮನಿಯ ಕಾರ್ಲ್ಸ್‌ರುಹೆ ನಿಯಂತ್ರಣ ಕೇಂದ್ರದವರು ಎಷ್ಟು ಬಾರಿ ಪ್ರಯತ್ನಿಸಿದರೂ ಕರೆ ಸಿಗಲಿಲ್ಲ.

ಡಿಕ್ಕಿಗೆ 43 ಸೆಕೆಂಡ್ ಮೊದಲು ಜ್ಯೂರಿಕ್‌ನ ಕಂಟ್ರೋಲರ್ ಟುಪೊಲೆವ್‌ಗೆ ಇಳಿಯಲು ಹೇಳಿದ. ಏಳು ಸೆಕೆಂಡ್ ಕಳೆದು ಟಿಕ್ಯಾಸ್ ಅದೇ ವಿಮಾನಕ್ಕೆ ಏರಲು, ಬೋಯಿಂಗ್‌ಗೆ ಇಳಿಯಲು ಸೂಚಿಸಿತು. ಕಂಟ್ರೋಲರ್ ಮತ್ತೊಮ್ಮೆ 'ಇಳಿಯಿರಿ' ಎಂದ. ಎದುರಿನ ವಿಮಾನ ಬಲಗಡೆ ಇದೆ ಎಂದ, ಅದು ಇದ್ದದ್ದು ಎಡಗಡೆ! ಎರಡೂ ಇಳಿದವು. ಸತ್ತವರು 71 ಜನ, ಅದರಲ್ಲಿ ಬಹುಪಾಲು ಮಕ್ಕಳು.

ತಪ್ಪೆಲ್ಲ ಆ ಕಂಟ್ರೋಲರ್ ತಲೆಗೆ ಕಟ್ಟುವುದು ಸರಿಯಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬನನ್ನೇ ಬಿಡುವ ರೂಢಿ ಆಡಳಿತಕ್ಕೆ ಗೊತ್ತಿತ್ತು. ಆಗಿನ ನಿಯಮಗಳೂ ಗೊಂದಲಮಯ. ಈಗ ಗೊಂದಲವಿಲ್ಲ: ಕಂಟ್ರೋಲರ್ ಏನೇ ಹೇಳಲಿ, ಪೈಲಟ್ ಟಿಕ್ಯಾಸ್ ಸೂಚನೆಯನ್ನೇ ಪಾಲಿಸಬೇಕು. ಎರಡೂ ವಿಮಾನ ಒಟ್ಟಿಗೇ ಏರತೊಡಗಿದರೆ ಅಥವಾ ಇಳಿಯತೊಡಗಿದರೆ ಒಂದರ ಸೂಚನೆಯನ್ನು ತಿರುಗಿಸುವ ತರ್ಕವನ್ನು ಟಿಕ್ಯಾಸ್‌ನ 7.1 ಆವೃತ್ತಿಯಲ್ಲಿ ಸುಧಾರಿಸಲಾಗಿದೆ.