ಇಂಜೆಕ್ಷನ್ ಆದ ಮೇಲೆ ಎಷ್ಟು ಹೊತ್ತು?

ಪ್ರಶ್ನೆ: ಅಮ್ಮನ ಮಿದುಳಿನಲ್ಲಿ ಗಡ್ಡೆ ಇದೆ. ಮೊದಲ ಎಂಆರ್‌ಐ ಹುಬ್ಬಳ್ಳಿಯಲ್ಲಿ ಆಯಿತು, ಎರಡನೆಯದು ಈಗ ಮಂಗಳೂರಿನಲ್ಲಿ. ಈ ಸಲ ಇಂಜೆಕ್ಷನ್ ಕೊಟ್ಟ ಮೇಲೆ ಬಹಳ ಹೊತ್ತು ಒಳಗೇ ಮಲಗಿಸಿದ್ದರು. ಗಡ್ಡೆ ಮೊದಲಿಗಿಂತ ಬೆಳ್ಳಗೆ ಕಾಣುತ್ತಿದೆ. ಬೆಳೆದಿದೆಯಾ? ಅಮ್ಮನಿಗೆ ಶೆಟ್ಲಿ (ಸಿಗಡಿ) ತಿಂದರೆ ಮೈಯೆಲ್ಲ ತುರಿಕೆ. ಆ ಇಂಜೆಕ್ಷನ್ನಿನಿಂದ ಅಪಾಯ ಇದೆಯಾ?
— ಓದುಗರೊಬ್ಬರು, ಅಂಕೋಲಾ

ಉತ್ತರ: ಬೆಳ್ಳಗಾದ ಮಾತ್ರಕ್ಕೆ ಬೆಳೆದಿದೆ ಅಂದುಕೊಳ್ಳಬೇಡಿ. ಎರಡೂ ಫಿಲ್ಮ್ ಬೆಳಕಿಗೆ ಹಿಡಿದು ನೋಡಿ. ಸಾಮಾನ್ಯವಾಗಿ ಚಿತ್ರದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅದನ್ನು ತೆಗೆದ ಗಂಟೆ, ನಿಮಿಷ ಇರುತ್ತದೆ. ಇಂಜೆಕ್ಷನ್ ಆಗಿ ಎಷ್ಟು ಹೊತ್ತಿಗೆ ಚಿತ್ರ ತೆಗೆದರು ಎನ್ನುವುದರ ಮೇಲೂ ಗಡ್ಡೆಯ ಬಿಳುಪು ನಿಂತಿದೆ. ಕಾರವಾರದಲ್ಲಿ ನನ್ನ ಹತ್ತಿರ ಬಟ್ಟೆ ಅಂಗಡಿಯ ಚೀಲದಲ್ಲಿ ಫಿಲ್ಮ್ ತರುವವರಿಗೆಲ್ಲ ನಾನು ಮೊದಲು ತೋರಿಸುವುದು ಅದನ್ನೇ.

ಇಂಜೆಕ್ಷನ್ನಿನಲ್ಲಿ ಇರುವುದು ಗ್ಯಾಡೋಲಿನಿಯಂ, ಸೇರಿದ ಜಾಗವನ್ನು ಎಂಆರ್‌ಐಯಲ್ಲಿ ಬೆಳ್ಳಗೆ ತೋರಿಸುವ ಔಷಧಿ. ಮಿದುಳಿನ ಸರಿಯಾದ ರಕ್ತನಾಳ ಅದನ್ನು ಹೊರಗೆ ಬಿಡುವುದಿಲ್ಲ, ಗಡ್ಡೆಯ ನಾಳಗಳು ಸೋರುತ್ತವೆ. ಮಳೆಗಾಲದಲ್ಲಿ ಮಣ್ಣಿನ ಗೋಡೆ ನೀರು ಕುಡಿದ ಹಾಗೆ ಔಷಧಿ ನಿಧಾನಕ್ಕೆ ಹರಡುತ್ತದೆ. ಬೇಗ ಚಿತ್ರ ತೆಗೆದರೆ ಅಂಚು ಮಾಸಲು. ಸ್ವಲ್ಪ ತಡೆದು ತೆಗೆದರೆ ಅದೇ ಗಡ್ಡೆ ಬೆಳ್ಳಗೆ, ಕೆಲವೊಮ್ಮೆ ದೊಡ್ಡದಾಗಿಯೂ ಕಾಣುತ್ತದೆ. ಅದಕ್ಕೇ ತಜ್ಞರು 2015ರಲ್ಲಿ ಒಂದು ಕ್ರಮ ಮಾಡಿಕೊಂಡರು. ಇಂಜೆಕ್ಷನ್ ಆದ ಮೇಲೆ ಸುಮ್ನೆ ಕಾಯುವ ಬದಲು ಟಿ2 ಎಂಬ ಇನ್ನೊಂದು ಬಗೆಯ ಎಂಆರ್‌ಐ ಚಿತ್ರ ತೆಗೆಯುತ್ತಾರೆ. ಆಮೇಲೆ, 4ರಿಂದ 8 ನಿಮಿಷದ ಹೊತ್ತಿಗೆ, ಔಷಧಿ ಸೋರಿದ ಜಾಗವನ್ನು ಬೆಳ್ಳಗೆ ತೋರಿಸುವ, ಮುಖ್ಯವಾದ ಟಿ1 ಚಿತ್ರ. ಅಮ್ಮ ಜಾಸ್ತಿ ಹೊತ್ತು ಮಲಗಿದ್ದು ಇದಕ್ಕೇ ಇರಬೇಕು.

ಇನ್ನೊಂದು ವಿಷಯ ನೀವು ಬರೆದಿಲ್ಲ. ಅಮ್ಮ ಡೆಕ್ಸಾಮೆಥಸೋನ್ (ಮಿದುಳಿನ ಊತ ಇಳಿಸುವ ಸ್ಟೀರಾಯ್ಡ್) ಮಾತ್ರೆ ತೆಗೆದುಕೊಳ್ಳುತ್ತಾರಾ? ಅದು ಸೋರಿಕೆ ತಗ್ಗಿಸುತ್ತದೆ. ಡಾಕ್ಟರು ಡೋಸ್ ಇಳಿಸಿದ್ದರೆ ಗಡ್ಡೆ ಬೆಳ್ಳಗಾಗಬಹುದು. ಹಾಗಂತ ಮಾತ್ರೆಯನ್ನು ನೀವೇ ಹೆಚ್ಚು ಕಡಿಮೆ ಮಾಡಬೇಡಿ. ರೇಡಿಯೇಷನ್ ಮುಗಿದ ಮೊದಲ ಮೂರು ತಿಂಗಳಲ್ಲೂ ಗಡ್ಡೆ ಬೆಳೆಯದೆಯೇ ಬೆಳ್ಳಗಾಗುವುದುಂಟು. ನಿಜವಾಗಿ ಬೆಳೆದಿರಲೂಬಹುದು. ಹಾಗಾಗಿ ರಿಪೋರ್ಟ್ ಒಂದನ್ನೇ ಹಿಡಿದು ಹೋಗಬೇಡಿ. ಎರಡೂ ಸ್ಕ್ಯಾನಿನ ಸಿಡಿ ಒಯ್ದು, ಅಕ್ಕಪಕ್ಕ ಇಟ್ಟು ನೋಡಿ ಅಂತ ನರರೋಗ ಶಸ್ತ್ರಚಿಕಿತ್ಸಕರನ್ನು ಕೇಳಿ. ಮುಂದಿನ ಸಲ ಆದಷ್ಟು ಒಂದೇ ಕಡೆ ಮಾಡಿಸಿ. ಅದೇ ಔಷಧಿ, ಅದೇ ಪ್ರಮಾಣ, ಅಷ್ಟೇ ಹೊತ್ತು ಇರಲಿ ಅಂತ ಹೇಳಿ. ಕೇಳಲು ಸಂಕೋಚ ಬೇಡ.

ಸಿಗಡಿಯ ಅಲರ್ಜಿಗೂ ಗ್ಯಾಡೋಲಿನಿಯಂಗೂ ಸಂಬಂಧವಿಲ್ಲ. ಇದೇ ಇಂಜೆಕ್ಷನ್ನಿಗೆ ಹಿಂದೆ ತುರಿಕೆ, ಉಸಿರು ಕಟ್ಟಿದ್ದು ಆಗಿದ್ದರೆ ಮೊದಲೇ ತಿಳಿಸಬೇಕು. ಕಿಡ್ನಿ ತೊಂದರೆ ಅಥವಾ ಸಕ್ಕರೆ ಕಾಯಿಲೆ ಇದ್ದರೆ, ಹೋಗುವ ಮುಂಚೆ ಕ್ರಿಯೇಟಿನಿನ್ ಪರೀಕ್ಷೆ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತಪರೀಕ್ಷೆ) ಮಾಡಿಸಿಕೊಂಡು ಹೋಗಿ.