ಲಂಡನ್ನಿನಲ್ಲಿ ಹೊಟ್ಟೆ ಹಸಿದರೆ ರೈಲು ಹತ್ತಿ

ಲಂಡನ್ನಿಗೆ ಬಂದು ಮೂರು ವಾರ ಆಯ್ತು, ಸಸ್ಯಾಹಾರಿ, ಆಫೀಸಿನ ಪಕ್ಕದ ಅಂಗಡಿಯ ತಣ್ಣಗಿನ ಸ್ಯಾಂಡ್‌ವಿಚ್ ತಿಂದು ತಿಂದು ನಾಲಿಗೆ ಜಡ್ಡುಗಟ್ಟಿದೆ, ಜೇಬಿಗೆ ಭಾರ ಆಗದ ಒಳ್ಳೆ ಹೋಟೆಲ್ ಯಾವುದಿದೆ ಅಂತ ಕೇಳಿದ್ದೀರಿ. ಬಂದ ಹೊಸದರಲ್ಲಿ ನಾನೂ ಇದನ್ನೇ ಸಿಕ್ಕಸಿಕ್ಕವರಿಗೆಲ್ಲ ಕೇಳುತ್ತಿದ್ದೆ. ಹದಿನಾರು ವರ್ಷ ಆಯ್ತು, ಈಗ ಹೇಳುವ ಸರದಿ ನನ್ನದು.

ಮೊದಲು ಒಂದು ಸಣ್ಣ ವಿಷಯ. ಇಲ್ಲಿಯವರ ಹತ್ತಿರ 'ಒಳ್ಳೆ ಹೋಟೆಲ್ ಎಲ್ಲಿದೆ' ಅಂತ ಕೇಳಬೇಡಿ. ಹೋಟೆಲ್ ಅಂದ್ರೆ ಇವರಿಗೆ ರೂಮು ಮಾಡಿ ಮಲಗುವ ಜಾಗ. ನಾನು ಕೇಳಿದಾಗ ಆಫೀಸಿನಲ್ಲಿದ್ದವರೊಬ್ಬರು, ಪಾಪ, ಇವನಿಗೆ ಇನ್ನೂ ಮನೆ ಸಿಕ್ಕಿಲ್ಲ ಅಂದುಕೊಂಡು ಬಾಡಿಗೆ ಏಜೆಂಟರ ನಂಬರ್ ಕೊಟ್ಟಿದ್ದರು.

ಈಗ ಊಟದ ಮಾತು. ಹೋಟೆಲಿನ ಹೆಸರು ಕೇಳುವುದನ್ನು ಬಿಡಿ, ಸ್ಟೇಷನ್ ಹೆಸರು ಕೇಳಿ. ಲೆಸ್ಟರ್ ಸ್ಕ್ವೇರ್, ಆಕ್ಸ್‌ಫರ್ಡ್ ಸ್ಟ್ರೀಟ್ ಸುತ್ತಮುತ್ತ ಬಾಡಿಗೆ ವಿಪರೀತ. ಆ ಬಾಡಿಗೆ ನಿಮ್ಮ ತಟ್ಟೆಯ ರೇಟಿನಲ್ಲೇ ಸೇರಿರುತ್ತದೆ. ಅಲ್ಲಿಗೆ ಬರುವ ಪ್ರವಾಸಿ ಇನ್ನೊಮ್ಮೆ ಬರುವವನೂ ಅಲ್ಲ. ಟ್ಯೂಬ್, ಅಂದರೆ ಇಲ್ಲಿನ ನೆಲದಡಿಯ ರೈಲು ಹತ್ತಿ ಅರ್ಧ ಗಂಟೆ ಹೊರಗೆ ಹೋದರೆ ಕಥೆ ಬೇರೆ. ಅಲ್ಲಿ ಗಿರಾಕಿ ಅದೇ ಬೀದಿಯವನು, ಆ ಅಡುಗೆ ತಿಂದೇ ಬೆಳೆದವನು. ಸಾರು ನೀರಾದರೆ ಅವನೇ ಜಗಳಕ್ಕೆ ಬರುತ್ತಾನೆ. ನಿಮ್ಮ ಪರವಾಗಿ ಅವನು ಕಾವಲು ಕೂತ ಹಾಗೆ.

ಊರಿನ ನಡುವೆಯೇ ಬೇಕು ಅಂದರೆ ಒಂದು ಬೀದಿ ಇದೆ. ಯೂಸ್ಟನ್ ಸ್ಟೇಷನ್ನಿನ ಪಕ್ಕದ ಡ್ರಮ್ಮಂಡ್ ಸ್ಟ್ರೀಟ್. ನಡೆದರೆ ಐದು ನಿಮಿಷ. ಅಲ್ಲಿನ ದಿವಾನಾ ಭೇಲ್‌ಪುರಿ ಹೌಸ್ 1970ರ ದಶಕದ ಆರಂಭದಿಂದ ಇದೆ, ಪೂರ್ತಿ ಸಸ್ಯಾಹಾರಿ. ಭೇಲ್ ಸಿಗುತ್ತದೆ, ದೋಸೆಯೂ ಸಿಗುತ್ತದೆ. ಅದೇ ಬೀದಿಯ ಅಂಬಾಲಾ ಸ್ವೀಟ್ಸ್ 1965ರದ್ದು. ಈಗ ಪಕ್ಕದಲ್ಲೇ ಎಚ್‌ಎಸ್2 ಅನ್ನುವ ಹೊಸ ಹೈಸ್ಪೀಡ್ ರೈಲಿನ ಕೆಲಸ ನಡೆದು, ಬೇಲಿ ಹಾಕಿ, ಬೀದಿಗೆ ಬರುವ ಜನ ಕಮ್ಮಿಯಾಗಿದ್ದಾರೆ. ಬೇಲಿ ನೋಡಿ ವಾಪಸ್ ಹೋಗಬೇಡಿ.

ದೋಸೆಯ ಆಸೆ ಜಾಸ್ತಿಯಾದರೆ ಟೂಟಿಂಗ್ ಅಥವಾ ಈಸ್ಟ್ ಹ್ಯಾಮ್. ಎರಡೂ ಕಡೆ ಶ್ರೀಲಂಕಾ ತಮಿಳರು, ಕೇರಳದವರು ತುಂಬಿದ್ದಾರೆ. ಗುಜರಾತಿ ತಿಂಡಿಗೆ ವೆಂಬ್ಲಿಯ ಈಲಿಂಗ್ ರೋಡ್. ಈಲಿಂಗ್ ಅನ್ನೋ ಊರೇ ಬೇರೆ, ಅಲ್ಲಿ ಇಳಿದುಬಿಡಬೇಡಿ, ನಾನು ಇಳಿದಿದ್ದೆ. ಪಂಜಾಬಿಗೆ ಸೌತಾಲ್. ಎಲಿಜಬೆತ್ ಲೈನ್ ನೇರ ಹೋಗುತ್ತದೆ, ಸ್ಟೇಷನ್ ಬೋರ್ಡಿನಲ್ಲಿ ಗುರುಮುಖಿ ಅಕ್ಷರವೂ ಕಾಣುತ್ತದೆ. ತಿಂಗಳ ಕೊನೆಗೆ ಕೈ ಖಾಲಿಯಾದಾಗ ನಾನು ಅಲ್ಲಿನ ಹ್ಯಾವ್‌ಲಾಕ್ ರೋಡಿನ ಗುರುದ್ವಾರಕ್ಕೆ ಹೋಗಿದ್ದೇನೆ. ತಲೆಗೆ ಬಟ್ಟೆ ಕಟ್ಟಿ, ಚಪ್ಪಲಿ ಬಿಟ್ಟು, ಪಂಕ್ತಿಯಲ್ಲಿ ಕೂತರೆ ಬಿಸಿ ರೊಟ್ಟಿ, ದಾಲ್. ದುಡ್ಡಿಲ್ಲ, ಯಾರು ಎತ್ತ ಅಂತ ಕೇಳುವವರೂ ಇಲ್ಲ. ನಮ್ಮ ದಾಸೋಹವೇ. ಬೇಡದ್ದನ್ನು ಹಾಕಿಸಿಕೊಂಡು ಬಿಟ್ಟೇಳಬೇಡಿ, ಅಷ್ಟು ಸಾಕು.

ಆದರೆ ನಿಜ ಹೇಳ್ತೀನಿ, ಮಾರಾಯ್ರೇ, ದೋಸೆ ಹುಡುಕಿಕೊಂಡು ಓಡಾಡುವುದು ಮೊದಲ ಮೂರು ತಿಂಗಳ ಚಟ. ಇಲ್ಲಿ ಸಸ್ಯಾಹಾರಿಗೆ ನನ್ನ ಪ್ರಕಾರ ಅತಿ ಒಳ್ಳೆ ಊಟ ಇಥಿಯೋಪಿಯಾದವರದ್ದು. ಅವರ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಉಪವಾಸ ಮಾಡುತ್ತಾರೆ. ಮಾಂಸ ಇಲ್ಲ, ಮೊಟ್ಟೆ ಇಲ್ಲ, ಹಾಲು ಬೆಣ್ಣೆ ಕೂಡ ಇಲ್ಲ. ಅದರ ಮೇಲೆ ಬೇರೆ ಉದ್ದುದ್ದ ವ್ರತಗಳು. ಹೀಗಾಗಿ ಅವರ ಸಸ್ಯಾಹಾರ ಅಂದರೆ ಮಾಂಸದ ಅಡುಗೆಯಿಂದ ಮಾಂಸ ತೆಗೆದು ಕೊಟ್ಟದ್ದಲ್ಲ, ಅದಕ್ಕೇ ಅಂತ ಬೆಳೆದು ಬಂದ ಅಡುಗೆ. ಕೆಂಟಿಶ್ ಟೌನ್, ಟಫ್ನೆಲ್ ಪಾರ್ಕ್, ಕ್ಯಾಲಿಡೋನಿಯನ್ ರೋಡ್ ಕಡೆ ಹೋಗಿ, 'ಬೆಯಾಯ್ನೆತು' ಅಂತ ಕೇಳಿ, ಬಗೆಬಗೆಯ ಪದಾರ್ಥ ಒಂದೇ ತಟ್ಟೆಯಲ್ಲಿ ಬರುತ್ತದೆ.

ದೊಡ್ಡ ತಟ್ಟೆಯ ತುಂಬ ಒಂದೇ ಒಂದು ಇಂಜೆರಾ ಹಾಸಿರುತ್ತಾರೆ. ಟೆಫ್ ಅನ್ನುವ ಸಣ್ಣ ಧಾನ್ಯದ ಹಿಟ್ಟನ್ನು ಕೆಲವು ದಿನ ಹುಳಿ ಬರಿಸಿ ಹುಯ್ದದ್ದು. ಮೇಲೆಲ್ಲ ತೂತು ತೂತು, ಮುಟ್ಟಿದರೆ ಮೆತ್ತಗೆ, ನೋಡಿದರೆ ಥೇಟ್ ಸೆಟ್ ದೋಸೆಯ ದೊಡ್ಡಣ್ಣ. ಅದರ ಮೇಲೆ ಸೌಟು ಸೌಟಾಗಿ ಮಸೂರ್ ಬೇಳೆಯ ಖಾರದ ಪಲ್ಯ, ಕಡಲೆಹಿಟ್ಟಿನ ಶಿರೋ, ಸೊಪ್ಪು, ಎಲೆಕೋಸು, ಬೀಟ್‌ರೂಟ್. ಚಮಚ ಕೊಡುವುದಿಲ್ಲ. ಬಲಗೈಯಲ್ಲಿ ಹರಿದು, ಅದ್ದಿ, ಬಾಯಿಗೆ. ಮೊದಲ ತುತ್ತಿಗೆ ಹುಳಿ ಜಾಸ್ತಿ ಅನ್ನಿಸುತ್ತದೆ. ನಾಲ್ಕನೆಯದಕ್ಕೆ ಅಡಿಯಲ್ಲಿ ಖಾರದ ರಸ ಹೀರಿ ನೆಂದ ಭಾಗ ಸಿಗುತ್ತದೆ ನೋಡಿ, ಆಗ ಎದುರಿಗೆ ಕೂತವರು ಆ ಕಡೆ ಕೈ ಹಾಕದಂತೆ ಮಾತಿಗೆ ಎಳೆಯುತ್ತೀರಿ. ಕಾಫಿ ಹೇಳಿದರೆ ಕೆಲವು ಕಡೆ ಬೀಜವನ್ನು ಅಲ್ಲೇ ಹುರಿದು, ಹೊಗೆಯಾಡುವ ಬಾಣಲೆಯನ್ನು ಟೇಬಲ್ಲಿನ ಹತ್ತಿರ ತಂದು ಮೂಸಿಸುತ್ತಾರೆ. ಅವಸರದ ದಿನ ಹೋಗಬೇಡಿ. ಇಬ್ಬರಿಗೆ ಒಂದು ತಟ್ಟೆ ಸಾಕು, ಅದರಲ್ಲೇ ಉಳಿತಾಯ.

ಎಜ್ವೇರ್ ರೋಡಿನಲ್ಲಿ ಲೆಬನಾನಿನವರ ಫಲಾಫೆಲ್, ಹ್ಯಾರಿಂಗೇ ಕಡೆಯ ಗ್ರೀನ್ ಲೇನ್ಸ್‌ನಲ್ಲಿ ತುರ್ಕಿಯವರ ಬೇಳೆ ಸೂಪು, ಬಿಸಿ ಬ್ರೆಡ್ಡು. ಎರಡೂ ಹೊಟ್ಟೆ ತುಂಬಿಸುತ್ತವೆ. ಚೈನಾಟೌನಿನಲ್ಲಿ ಹುಷಾರು, ತರಕಾರಿಗೂ ಚಿಪ್ಪುಜೀವಿಯಿಂದ ಮಾಡಿದ ಆಯ್ಸ್ಟರ್ ಸಾಸ್ ಹಾಕಿರುತ್ತಾರೆ.

ಹುಷಾರಾಗಿರಬೇಕಾದ್ದು ಇನ್ನೂ ಇದೆ. ನಮ್ಮ ಮನೆಯ ಮೂಲೆಯ ಅಂಗಡಿಯೊಂದರಲ್ಲಿ ಆರು ತಿಂಗಳು ಶುಕ್ರವಾರ ತಪ್ಪದೆ ಚಿಪ್ಸ್ (ನಮ್ಮ ಫ್ರೆಂಚ್ ಫ್ರೈಸ್) ತಿಂದೆ. ಆಲೂಗಡ್ಡೆ ತಾನೇ? ಒಂದಿನ ಕ್ಯೂನಲ್ಲಿ ನಿಂತು ಸುಮ್ನೆ ಗೋಡೆಯ ಬೋರ್ಡು ಓದಿದರೆ, ಕರಿಯುವುದು ದನದ ಕೊಬ್ಬಿನಲ್ಲಿ! ಎಲ್ಲ ಕಡೆ ಹಾಗಿಲ್ಲ, ಕೇಳಿದರೆ ಹೇಳುತ್ತಾರೆ. ಪಾರ್ಮೆಸಾನ್ ಚೀಸಿಗೆ ಹಾಲು ಗಟ್ಟಿಯಾಗಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ, ವೂಸ್ಟರ್ ಸಾಸಿನಲ್ಲಿ ಮೀನಿರುತ್ತದೆ. ಮೆನುವಿನಲ್ಲಿ ಹೆಸರಿನ ಮುಂದೆ ವೆಜಿಟೇರಿಯನ್ ಅನ್ನುವ 'ವಿ' ಇದೆಯಾ ನೋಡಿ, ಅನುಮಾನ ಬಂದರೆ ಕೇಳಿ. 14 ಅಲರ್ಜಿ ಪದಾರ್ಥಗಳ ಬಗ್ಗೆ ತಿಳಿಸಬೇಕು ಅಂತ ಕಾನೂನೇ ಇರುವುದರಿಂದ ಇಂಥ ಪ್ರಶ್ನೆ ಇಲ್ಲಿ ಯಾರಿಗೂ ಹೊಸದಲ್ಲ. ಮುಜುಗರ ಬೇಡ.

ಇನ್ನು ದುಡ್ಡು. ಕೂತ ಕೂಡಲೇ 'ಸ್ಟಿಲ್ ಆರ್ ಸ್ಪಾರ್ಕ್‌ಲಿಂಗ್' ಅಂತಾರೆ. ಎರಡೂ ಬಾಟಲಿ ನೀರು, ಎರಡಕ್ಕೂ ದುಡ್ಡು. 'ಟ್ಯಾಪ್ ವಾಟರ್' ಅನ್ನಿ. ಮದ್ಯದ ಲೈಸೆನ್ಸ್ ಇರುವ ಜಾಗದಲ್ಲಿ ಕೇಳಿದವರಿಗೆ ಅದನ್ನು ಪುಕ್ಕಟೆ ಕೊಡಲೇಬೇಕು. ಮೆನುವಿನ ರೇಟಿನಲ್ಲಿ 20% ವ್ಯಾಟ್ ಆಗಲೇ ಸೇರಿದೆ. ಆದರೆ ಬಿಲ್ಲಿನ ಕೆಳಗೆ ಬಹಳ ಕಡೆ 12.5% ಸರ್ವಿಸ್ ಚಾರ್ಜ್ ಹಾಕಿರುತ್ತಾರೆ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 'ಡಿಸ್ಕ್ರಿಷನರಿ' ಅಂತ. ಅಂದರೆ ಬೇಡ ಅಂದರೆ ತೆಗೆಯುತ್ತಾರೆ. ನಾನು ತೆಗೆಸುವುದು ತೀರಾ ಬೇಜಾರಾದಾಗ ಮಾತ್ರ. 2024ರ ಅಕ್ಟೋಬರ್‌ನಿಂದ ಆ ದುಡ್ಡು ಪೂರ್ತಿ ಕೆಲಸದವರಿಗೇ ಹೋಗಬೇಕು ಅಂತ ಕಾನೂನು ಬಂದಿದೆ. ಆದರೆ ಅದು ಸೇರಿದ ಮೇಲೆ ಮತ್ತೆ ಟಿಪ್ಸ್ ಇಡಬೇಕಾಗಿಲ್ಲ, ಕಾರ್ಡ್ ಮಷಿನ್ ಕೇಳಿದರೂ.

ರಾತ್ರಿ ತಡ ಮಾಡಬೇಡಿ. ಬಾಗಿಲು ಹನ್ನೊಂದರವರೆಗೆ ತೆಗೆದಿದ್ದರೂ ಒಂಬತ್ತೂವರೆ, ಹತ್ತಕ್ಕೆ ಅಡುಗೆಮನೆ ಮುಚ್ಚುವ ಜಾಗಗಳೇ ಹೆಚ್ಚು. ಪಬ್ಬಿನಲ್ಲಿ ಟೇಬಲ್ ಹಿಡಿದು ಕಾಯುತ್ತಾ ಕೂತರೆ ಬಹಳ ಕಡೆ ಯಾರೂ ಬರುವುದಿಲ್ಲ, ಕೌಂಟರಿಗೆ ಹೋಗಿ ಟೇಬಲ್ ನಂಬರ್ ಹೇಳಿ ಆರ್ಡರ್ ಕೊಡಬೇಕು. ನಾನು ಮೊದಲ ಸಲ ನಲವತ್ತು ನಿಮಿಷ ಕೂತಿದ್ದೆ, ಗತ್ತಿನಿಂದ.

ಈ ಶನಿವಾರ ಬಿಡುವಿದ್ದರೆ ಮಧ್ಯಾಹ್ನ ಡ್ರಮ್ಮಂಡ್ ಸ್ಟ್ರೀಟಿಂದ ಶುರುಮಾಡಿ. ಬೆಳಗ್ಗೆ ತಿಂಡಿ ಮಾತ್ರ ತಿನ್ನಬೇಡಿ.